ಸ್ಟೋರಿ ನಿಮ್ಮ ಹತ್ರಾನೇ ಇರಲಿ

"ನೀವು ಕಥೆ ಬರೀತೀರಂತಲ್ಲ, ಸ್ಟೋರಿ ಎಲ್ಲಿಂದ ಸಿಗುತ್ತೆ?"

ಬಸ್ಸಲ್ಲಿ ಕೇಳಿದ್ದಾರೆ, ಬ್ಯಾಂಕಲ್ಲಿ ಕೇಳಿದ್ದಾರೆ. ಹಲ್ಲು ಕೀಳಿಸಿಕೊಳ್ಳುವಾಗ ಡಾಕ್ಟರೂ ಕೇಳಿದ್ದಾರೆ, ಅದೂ ಬಾಯಿಗೆ ಇಕ್ಕಳ ಹಾಕಿಟ್ಟು. ಮೊದಮೊದಲು ನಯವಾಗಿ ಉತ್ತರ ಕೊಡ್ತಿದ್ದೆ. ಈಗ ಬರೆದೇ ಹಾಕ್ತಿದ್ದೀನಿ. ಸ್ಟೋರಿ ಎಲ್ಲಿಂದಲೂ ಸಿಗಲ್ಲ. ನಾನು ಹುಡುಕುವುದೂ ಇಲ್ಲ. ನನಗೆ ಬೇಕಾದ್ದು ಒಬ್ಬ ಮನುಷ್ಯ.

ಕಾರಂತರ 'ಚೋಮನ ದುಡಿ' ಬಂದಿದ್ದು 1933ರಲ್ಲಿ. ಬೇಸಾಯ ಮಾಡುವ ಆಸೆ, ಭೂಮಿ ಸಿಗಲ್ಲ. ಕಥೆ ಇಷ್ಟೇ. ಆದರೆ ಚೋಮನ ಮನೇಲಿ ಒಂದು ಜೊತೆ ಎತ್ತಿದೆ, ಉಳೋಕೆ ಒಂದು ಅಂಗೈಯಷ್ಟು ನೆಲ ಇಲ್ಲ. ಸಂಕಟ ಬಂದಾಗ ಅವನು ಮಾತಾಡಲ್ಲ, ದುಡಿ ಬಾರಿಸ್ತಾನೆ. ನನಗೆ ನೆನಪಿರೋದು ಆ ದುಡಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಕಥೆ ಹೇಳಿ ಅಂದರೆ ತಡವರಿಸ್ತಾರೆ. ನಾಯಿಗುತ್ತಿ, ಅವನ ನಾಯಿ ಹುಲಿಯ ಅಂದು ನೋಡಿ, ಮುಖ ಅರಳುತ್ತೆ.

ಕಥೆಯ ಪ್ಲಾಟ್ ಕಟ್ಟೋಕೆ ಬರಲ್ಲ, ಅದಕ್ಕೇ ಪಾತ್ರ ಪಾತ್ರ ಅಂತಾನೆ ಅನ್ನಬಹುದು ನೀವು. ಅದೂ ಸ್ವಲ್ಪ ನಿಜವೇ.

ಕೇಳುವವರಿಗಿಂತ ಕಾಟ ಜಾಸ್ತಿ ಕೊಡೋರು ಸ್ಟೋರಿ ದಾನ ಮಾಡುವವರು. ತಿಪಟೂರಿನ ಛತ್ರವೊಂದರಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯವರು ಕೋಸಂಬರಿ ಮುಗಿಯೋ ಮೊದಲೇ ಶುರು ಮಾಡಿದರು. "ನನ್ನ ಜೀವನಾನೇ ಒಂದು ಕಾದಂಬರಿ ಸಾರ್, ಬರ್ಕೊಳ್ಳಿ." ತೆಂಗಿನ ತೋಟ, ಪಾಲಿನ ದಾವೆ, ಹನ್ನೊಂದು ವರ್ಷದಿಂದ ಬರೀ ವಾಯಿದೆ. ಬಾವಿ ಯಾರ ಕಡೆ, ಸರ್ವೆಯವನು ಯಾರ ಕಡೆ. ದಾವೆ ಸ್ವಂತ ಅಣ್ಣನ ಮೇಲೆ. ಆದರೆ ಒಂದು ಸಲವೂ ಅಣ್ಣ ಅನ್ನಲಿಲ್ಲ. ಉದ್ದಕ್ಕೂ "ಎದುರು ಪಾರ್ಟಿ". ಆ ಪಾರ್ಟಿಯೂ ಎದುರು ಸಾಲಿನಲ್ಲೇ ಊಟಕ್ಕೆ ಕೂತಿತ್ತು, ಬಿಳಿ ಪಂಚೆ ಉಟ್ಟುಕೊಂಡು.

ನಾನು ಹೂಂಗುಟ್ಟುತ್ತಾ ಸಾರು ಕಲಸುತ್ತಿದ್ದೆ. ಸುಮ್ನೆ ಹೇಳಲ್ಲ, ಅರ್ಧ ಕೇಳಿಸಿಕೊಳ್ಳಲೂ ಇಲ್ಲ. ಅಷ್ಟರಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದ ಹುಡುಗ ಬಂದ. ಇವರು ಅವನ ಮೊಣಕೈ ಹಿಡಿದು, ದನಿ ತಗ್ಗಿಸಿ, "ಆ ಸಾಲಿಗೆ ಹೋದಾಗ ನಮ್ಮಣ್ಣಂಗೆ ಹಾಕಬೇಡಪ್ಪ, ಶುಗರ್ ಇದೆ" ಅಂದರು. ಅಂದು ಮತ್ತೆ ನನ್ನ ಕಡೆ ತಿರುಗಿ, "ಹಾಂ, ಆಮೇಲೆ ಎದುರು ಪಾರ್ಟಿ ಏನ್ ಮಾಡಿದ ಅಂದ್ರೆ..."

ಹನ್ನೊಂದು ವರ್ಷದ ದಾವೆ ನನಗೆ ಬೇಡ. ಆ ಮೊಣಕೈ ಹಿಡಿದ ಕೈ ಬೇಕು.

ಯಾರಾದರೂ ನನ್ನನ್ನು ಕೇಳುವುದಾದರೆ ಇದನ್ನು ಕೇಳಬಾರದಾ: ಆ ತಮ್ಮ ಯಾಕೆ ಹಾಗಂದ? ಅಣ್ಣ ಚೆನ್ನಾಗಿರಲಿ ಅಂತಲಾ, ತೀರ್ಪು ಬರುವವರೆಗಾದರೂ ಇರಲಿ ಅಂತಲಾ? ನಾಲ್ಕು ಸಲ ಬರೆದು ಹರಿದಿದ್ದೀನಿ. ಒಂದರಲ್ಲಿ ಒಳ್ಳೆಯವನಾದ, ಇನ್ನೊಂದರಲ್ಲಿ ಕಿಲಾಡಿ. ಎರಡೂ ಅವನಲ್ಲ.

ಹುಡುಗ ಮಾತು ಕೇಳಿದ, ಎದುರು ಸಾಲಿನ ಆ ಎಲೆ ದಾಟಿ ಮುಂದೆ ಹೋದ. ಬಿಳಿ ಪಂಚೆಯವರು ಅವನನ್ನು ವಾಪಸ್ ಕರೆದರು. ನಮ್ಮ ಕಡೆ ಒಂದು ಸಲ ನೋಡಿ ಎರಡು ಒಬ್ಬಟ್ಟು ಹಾಕಿಸಿಕೊಂಡರು, ಮೇಲೆ ತುಪ್ಪ.