ಧೂಮಕೇತು ಕೋಮಾದಲ್ಲಿದೆ

2025ರ ಡಿಸೆಂಬರ್ 19ರಂದು 3ಐ/ಅಟ್ಲಾಸ್ ಧೂಮಕೇತು ಭೂಮಿಗೆ ತಾನು ಬರಬಹುದಾದಷ್ಟು ಹತ್ತಿರ ಬಂದು ಹೋಯಿತು. ಅದಾದ ಮೊದಲ ಭಾನುವಾರ ಬೆಳಗ್ಗೆ ಒಂಬತ್ತು, ಹತ್ತನೇ ತರಗತಿಯ ಏಳೆಂಟು ಮಕ್ಕಳ ಕೈಯಲ್ಲಿ ಆ ಸುದ್ದಿಯ ಇಂಗ್ಲಿಷ್ ತುಣುಕು, ಸುಮಾರು ಇನ್ನೂರು ಪದದ್ದು. ಸುದ್ದಿ ಓದಿ ಇಂಗ್ಲಿಷ್ ಪದ ಕಲಿಯುವ ಪಾಠ ಅದು. ಎಲ್ಲರೂ ಕನ್ನಡ ಮಾಧ್ಯಮದವರು. ಮೊದಲ ಇಪ್ಪತ್ತು ನಿಮಿಷ ಡಿಕ್ಷನರಿ, ಮೊಬೈಲ್ ಮುಟ್ಟುವಂತಿಲ್ಲ. ಪೆನ್ಸಿಲ್ ಹಿಡಿದು ಗೊತ್ತಿಲ್ಲದ ಪದಕ್ಕೆ ಅಡಿಗೆರೆ ಹಾಕುವುದಷ್ಟೇ ಕೆಲಸ.

ಹಾಳೆಗಳನ್ನು ಜೋಡಿಸಿಟ್ಟು ನೋಡಿದರೆ ಗೆರೆಗಳೆಲ್ಲ ಒಂದೇ ಕಡೆ: ಇಂಟರ್‌ಸ್ಟೆಲರ್, ಪೆರಿಹೀಲಿಯನ್, ಸಬ್ಲಿಮೇಷನ್. ಕೋಮಾ, ಫೇಂಟ್, ಟೂ, ಪೋಸಸ್, ಮಿಲಿಯನ್ ಕೆಳಗೆ ಒಂದು ಗೆರೆಯೂ ಇಲ್ಲ. ಆಮೇಲೆ ಕನ್ನಡದಲ್ಲಿ ಬರೆಯಲು ಹೇಳಿದಾಗ ಎಡವಿದ್ದೆಲ್ಲ ಗೆರೆಯಿಲ್ಲದ ಜಾಗದಲ್ಲೇ.

ದೊಡ್ಡ ಪದಗಳು ಕಂಡಷ್ಟು ಕಷ್ಟವಲ್ಲ, ಕೀಲು ಸಿಕ್ಕರೆ ಬಿಚ್ಚಿಕೊಳ್ಳುತ್ತವೆ. ಇಂಟರ್‌ಸ್ಟೆಲರ್‌ನ ಇಂಟರ್, ಇಂಟರ್‌ಸಿಟಿ ರೈಲಿನಲ್ಲಿ ಇರುವುದೇ. ಸ್ಟೆಲ್ಲಾ ಎಂದರೆ ಲ್ಯಾಟಿನ್‌ನಲ್ಲಿ ನಕ್ಷತ್ರ. ಪೆರಿಹೀಲಿಯನ್‌ನ ಪೆರಿ ಗಣಿತದ ಪೆರಿಮೀಟರ್‌ನಲ್ಲಿ ಆಗಲೇ ಬಂದುಹೋಗಿದೆ. ಹೀಲಿಯೋಸ್ ಗ್ರೀಕರ ಸೂರ್ಯ, ಹೀಲಿಯಂ ಅನಿಲಕ್ಕೂ ಹೆಸರು ಬಂದದ್ದು ಅವನಿಂದಲೇ. ಎರಡೂ ಸೇರಿದರೆ ಪಥದಲ್ಲಿ ಸೂರ್ಯನಿಗೆ ಅತಿ ಹತ್ತಿರದ ಜಾಗ. ಸಬ್ಲಿಮೇಷನ್ ವಿಜ್ಞಾನ ಪುಸ್ತಕದ ಉತ್ಪತನ. ಮುಚ್ಚಳ ಸರಿಯಾಗಿ ಕೂರದ ಡಬ್ಬಿಯಲ್ಲಿ ಕರ್ಪೂರದ ಬಿಲ್ಲೆ ದಿನದಿನಕ್ಕೆ ಸವೆಯುತ್ತದೆ, ತಳದಲ್ಲಿ ಮಾತ್ರ ಒಂದು ಹನಿ ದ್ರವವೂ ಸಿಗುವುದಿಲ್ಲ. ಬಾಹ್ಯಾಕಾಶದಲ್ಲಿ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ ಇರುವ ಕಾರಣ ಧೂಮಕೇತುವಿನ ಮಂಜುಗಡ್ಡೆಯೂ ಹೀಗೆಯೇ, ನೀರಾಗದೆ ನೇರ ಆವಿಯಾಗುತ್ತದೆ. ಇಂಥ ಪದವನ್ನು ಕರ್ಪೂರದ ಡಬ್ಬಿ ಮುಂದಿಟ್ಟುಕೊಂಡೇ ಹೇಳಿಕೊಡಬೇಕು.

ಹೆಸರಿನಲ್ಲೂ ಒಂದು ಪಾಠವಿದೆ. ‘3ಐ’ಯ ಇಂಗ್ಲಿಷ್ ಐಯನ್ನು ಒಂದು ಎಂದುಕೊಂಡು ಇಬ್ಬರು ‘ಮೂವತ್ತೊಂದು’ ಎಂದು ಓದಿದರು. ಆ ಐ, ಇಂಟರ್‌ಸ್ಟೆಲರ್‌ನ ಮೊದಲ ಅಕ್ಷರ. 2017ರ ಔಮುವಾಮುವಾ, 2019ರ ಬೊರಿಸೊವ್ ಆದ ಮೇಲೆ ನಮ್ಮ ಸೌರವ್ಯೂಹದ ಹೊರಗಿನಿಂದ ಬಂದು ಕಣ್ಣಿಗೆ ಬಿದ್ದ ಮೂರನೆಯದು ಎಂದು ಅರ್ಥ. ಅಟ್ಲಾಸ್ ಅದನ್ನು ಪತ್ತೆ ಹಚ್ಚಿದ ದೂರದರ್ಶಕ ವ್ಯವಸ್ಥೆಯ ಹೆಸರು, ಭೂಪಟದ ಪುಸ್ತಕವಲ್ಲ.

ಇನ್ನು ಗೆರೆ ಬೀಳದ ಪದಗಳು. ತುಣುಕಿನ ಒಂದೇ ವಾಕ್ಯದಲ್ಲಿ ಕೋಮಾ, ಫೇಂಟ್ ಎರಡೂ ಇದ್ದವು. ಒಬ್ಬ ಹುಡುಗ ಬರೆದದ್ದು: ‘ಧೂಮಕೇತು ತಲೆಸುತ್ತಿ ಬಿದ್ದು ಕೋಮಾಕ್ಕೆ ಹೋಗಿದೆ.’ ಮಕ್ಕಳೆಲ್ಲ ನಕ್ಕರು. ಆದರೆ ಅವನ ತರ್ಕದಲ್ಲಿ ತಪ್ಪೇನಿಲ್ಲ, ಎರಡೂ ಪದ ಅವನಿಗೆ ಗೊತ್ತಿದ್ದದ್ದು ಆಸ್ಪತ್ರೆಯ ಸುದ್ದಿಯಿಂದ. ಇಂಗ್ಲಿಷಿನಲ್ಲಿ ಕೋಮಾ ಒಂದಲ್ಲ, ಎರಡು. ಆಸ್ಪತ್ರೆಯದು ಗಾಢ ನಿದ್ದೆ ಎನ್ನುವ ಗ್ರೀಕ್ ಪದದಿಂದ ಬಂದದ್ದು. ಧೂಮಕೇತುವಿನದು ಕೂದಲು ಎನ್ನುವ ಬೇರೆಯೇ ಪದದಿಂದ. ಕಾಗುಣಿತ ಮಾತ್ರ ಒಂದೇ. ಗಟ್ಟಿ ತಿರುಳಿನ ಸುತ್ತ ಅನಿಲ, ಧೂಳು ಸೇರಿ ಆಗುವ ಮಬ್ಬು ಹೊದಿಕೆಯೇ ಈ ಕೋಮಾ. ಕಾಮೆಟ್ ಪದಕ್ಕೂ ಮೂಲ ಅದೇ ಕೂದಲು. ಗ್ರೀಕರಿಗೆ ಕೆದರಿದ ಕೂದಲಾಗಿ ಕಂಡದ್ದು ಸಂಸ್ಕೃತದವರಿಗೆ ಹೊಗೆಯ ಬಾವುಟ, ಹಳ್ಳಿಯವರಿಗೆ ಬಾಲಚುಕ್ಕಿ. ಮೂರೂ ಹೆಸರನ್ನು ಒಟ್ಟಿಗೆ ಹೇಳಿದರೆ ಪದ ಮರೆಯುವುದಿಲ್ಲ.

ಫೇಂಟ್‌ಗೆ ಇಲ್ಲಿ ಮಸುಕು, ಕ್ಷೀಣ ಎಂಬ ಅರ್ಥ; ಸಣ್ಣ ದನಿಗೂ, ತೆಳು ವಾಸನೆಗೂ ಸಲ್ಲುತ್ತದೆ. ಅದಕ್ಕಿಂತ ದೊಡ್ಡ ಹಳ್ಳ ಅದರ ಮುಂದಿರುವ ‘ಟೂ’. ‘ಟೂ ಫೇಂಟ್ ಟು ಸೀ’ ಎಂಬುದನ್ನು ಆರು ಮಂದಿ ‘ನೋಡಲು ತುಂಬಾ ಮಸುಕಾಗಿದೆ’ ಎಂದು ಬರೆದು ಮುಂದೆ ಹೋದರು. ಕಂಡಿತೋ ಇಲ್ಲವೋ ಎಂದು ಕೇಳಿದರೆ, ‘ಕಂಡಿತು ಸಾರ್, ಸ್ವಲ್ಪ ಮಸುಕಾಗಿ.’ ಆದರೆ ಆ ಇಂಗ್ಲಿಷಿನ ಒಳಗೆ ‘ಇಲ್ಲ’ ಅಡಗಿ ಕೂತಿದೆ: ಕಾಣದಷ್ಟು ಮಸುಕು. ಕನ್ನಡ ಈ ನಿರಾಕರಣೆಯನ್ನು ಕ್ರಿಯಾಪದದ ಹೊಟ್ಟೆಯಲ್ಲಿ ಇಡುತ್ತದೆ, ಕಾಣದಷ್ಟು, ಎತ್ತಲಾರದಷ್ಟು, ಹೇಳಲಾಗದಷ್ಟು ಎಂದು. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ಒಂಟಿ ಪದವಲ್ಲ, ಟೂ ಮತ್ತು ಟು ಸೇರಿದ ಜೋಡಿ. ಆದ್ದರಿಂದ ಪಟ್ಟಿಯಲ್ಲಿ ಫೇಂಟ್ ಎಂದು ಒಂಟಿ ಪದ ಬರೆಸಬಾರದು, ‘ಟೂ ಫೇಂಟ್ ಟು ಸೀ’ ಎಂದು ಇಡಿಯಾಗಿ ಬರೆಸಬೇಕು. ಪೋಸಸ್‌ಗೂ ಇದೇ ನಿಯಮ. ಪೋಸ್ ಎಂದರೆ ಫೋಟೋಗೆ ನಿಲ್ಲುವುದು ಎಂದಷ್ಟೇ ಗೊತ್ತಿದ್ದವರಿಗೆ ‘ಪೋಸಸ್ ನೋ ಥ್ರೆಟ್’ನಲ್ಲಿ ಏನೂ ಹೊಳೆಯದು. ಅಪಾಯ ಒಡ್ಡುವುದು, ಸವಾಲು ಒಡ್ಡುವುದು ಎನ್ನುವ ನಮ್ಮ ‘ಒಡ್ಡು’ ಇಲ್ಲಿ ಕರಾರುವಾಕ್ಕಾಗಿ ಕೂರುತ್ತದೆ.

ಮಿಲಿಯನ್ ಹತ್ತಿರ ಲೆಕ್ಕ ತಪ್ಪಿತು. ಸುದ್ದಿಯಲ್ಲಿ ಭೂಮಿಯಿಂದ ಧೂಮಕೇತುವಿಗೆ ಇದ್ದ ದೂರ ಸುಮಾರು 270 ಮಿಲಿಯನ್ ಕಿಲೋಮೀಟರ್. ಅರ್ಧಕ್ಕರ್ಧ ಮಂದಿ 270 ಲಕ್ಷ ಎಂದರು. ಒಂದು ಮಿಲಿಯನ್ ಹತ್ತು ಲಕ್ಷ, ಆದ್ದರಿಂದ ಮಿಲಿಯನ್ ಅಂಕಿಯಿಂದ ಒಂದು ಸೊನ್ನೆ ಕಿತ್ತರೆ ಕೋಟಿ: 27 ಕೋಟಿ. ಬಿಲಿಯನ್ ಆದರೆ ನೂರು ಕೋಟಿ. ಉತ್ತರವನ್ನು ಒರೆಗೆ ಹಚ್ಚಲು ಒಂದು ಅಳತೆ ಬಾಯಲ್ಲಿರಲಿ, ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಂದರೆ ‘ಕ್ಲೋಸೆಸ್ಟ್ ಅಪ್ರೋಚ್’ ಆದ ದಿನವೂ ಈ ಧೂಮಕೇತು ಸೂರ್ಯನಿಗಿಂತ ದೂರವೇ ಇತ್ತು. ಕ್ಲೋಸೆಸ್ಟ್ ಎಂದರೆ ಹತ್ತಿರ ಎಂದಾಗಬೇಕಿಲ್ಲ, ಅದರ ಪ್ರಯಾಣದಲ್ಲಿ ಕನಿಷ್ಠ ದೂರ ಎಂದಷ್ಟೇ.

ಆಕಾಶದ ಸುದ್ದಿಯಲ್ಲಿ ಕುಡ್, ಮೇ, ಲೈಕ್ಲಿ ಇವಕ್ಕೂ ಅಡಿಗೆರೆ ಬೇಕು. ಐಸಾನ್ ಧೂಮಕೇತು ಬಗ್ಗೆ ಶತಮಾನದ ಧೂಮಕೇತು ಆಗಬಹುದು ಎಂಬ ಮಾತಿತ್ತು. 2013ರ ನವೆಂಬರ್ 28ರಂದು ಸೂರ್ಯನನ್ನು ಬಳಸಿ ಹೋಗುವಾಗ ಒಡೆದು ಚೂರಾಯಿತು. ಸುದ್ದಿ ಬರೆದವರು ‘ಕುಡ್’ ಎಂದೇ ಬರೆದಿದ್ದರೆ ಅವರು ಸುಳ್ಳು ಹೇಳಿದಂತಾಗಲಿಲ್ಲ. ‘ಆಗುತ್ತದೆ’ ಎಂದು ಓದಿಕೊಂಡವರದೇ ತಪ್ಪು.

ಪುಸ್ತಕದಲ್ಲಿ ಬರೆಯುವ ಕ್ರಮ ಹೀಗೆ: ಒಂದು ಸುದ್ದಿಗೆ ಹತ್ತು ಪದ, ಹೆಚ್ಚೆಂದರೆ ಹನ್ನೆರಡು. ಮೂವತ್ತು ಬರೆದ ದಿನ ಮೂರೂ ನೆನಪಿರುವುದಿಲ್ಲ. ಎಡಕ್ಕೆ ಪದ ಅಥವಾ ಪದಗುಚ್ಛ, ಮಧ್ಯದಲ್ಲಿ ಸುದ್ದಿಯ ವಾಕ್ಯ ಇದ್ದ ಹಾಗೆ, ಬಲಕ್ಕೆ ಸ್ವಂತ ಕನ್ನಡದಲ್ಲಿ ಅರ್ಥ. ನಾಲ್ಕನೇ ಕಲಂ ಅಂದು ಖಾಲಿ ಬಿಡಬೇಕು. ಮರುದಿನ ಪುಸ್ತಕ ತೆಗೆದು ಅರ್ಥ ಮುಚ್ಚಿಕೊಂಡು, ಆ ಪದ ಹಾಕಿ ಆಕಾಶಕ್ಕೆ ಸಂಬಂಧವೇ ಇಲ್ಲದ ವಾಕ್ಯವೊಂದನ್ನು ಅಲ್ಲಿ ಬರೆಯಬೇಕು. ಮನೆಯದು, ಬಸ್ಸಿನದು, ಊಟದ್ದು, ಯಾವುದಾದರೂ ಸರಿ. ಮೂರನೇ ದಿನ, ವಾರಕ್ಕೊಮ್ಮೆ ತಿರುವಿ ಹಾಕಿದರೆ ಸಾಕು. ಮೊಬೈಲ್ ಅನುವಾದವನ್ನು ಮೂರನೇ ಕಲಂಗೆ ನಕಲು ಮಾಡಿದವರು ಸಿಕ್ಕಿಬೀಳುವುದು ಈ ನಾಲ್ಕನೆಯದರಲ್ಲೇ.

ಸೋಮವಾರ ಬಂದ ವಾಕ್ಯಗಳಲ್ಲಿ ‘ಅಜ್ಜಿಯ ದನಿ ಫೋನಿನಲ್ಲಿ ಕೇಳದಷ್ಟು ಕ್ಷೀಣ’ ಎನ್ನುವ ಇಂಗ್ಲಿಷ್ ವಾಕ್ಯ ಸರಿಯಾಗಿತ್ತು. ಕೋಮಾದ ಹುಡುಗ ಬರೆದಿದ್ದ: ‘ಅಮ್ಮಾಸ್ ಸಾಂಬಾರ್ ಈಸ್ ಟೂ ಟೇಸ್ಟಿ ಟು ಈಟ್.’ ಅದನ್ನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಇಷ್ಟೇ: ‘ಹಾಗಾದರೆ ಊಟ ಬಿಟ್ಟೆಯಾ?’