ಐವತ್ತು ಪೈಸೆಯ ಕಾರ್ಡಿನ ಮೇಲೆ ಒಂದು ಊರು

ಊರೂರಿನ ಅಂಚೆ ಮೊಹರು ಸಂಗ್ರಹಿಸುವ ನಾನು ಕಳೆದ ಆಷಾಢದ ಒಂದು ಶನಿವಾರ ಬೆಳಗ್ಗೆ ಆರೂವರೆಗೆ ಹಾಸನದ ಮನೆಯಿಂದ ಹೊರಟಾಗ ನನ್ನ ಚೀಲದಲ್ಲಿದ್ದದ್ದು ನನ್ನದೇ ವಿಳಾಸ ಬರೆದ ಹನ್ನೆರಡು ಅಂಚೆ ಕಾರ್ಡುಗಳು, ಮಳೆಗೆ ಅವನ್ನು ಸುತ್ತಲು ಒಂದು ಪ್ಲಾಸ್ಟಿಕ್ ಹಾಳೆ ಮತ್ತು ಸೈಕಲ್ ಟ್ಯೂಬಿನ ಒಂದು ತುಂಡು. ಕಾರ್ಡಿನ ಅಡಿಗೆ ಮೆತ್ತನೆಯದೇನಾದರೂ ಇದ್ದರೆ ಮೊಹರು ಅಂಚಿನವರೆಗೂ ಮೂಡುತ್ತದೆ. ಆಲ್ದೂರಿನಿಂದ ಬಾಳೆಹೊನ್ನೂರಿನವರೆಗೆ ಹೋಗುತ್ತ, ಕಾಫಿ ತೋಟಗಳ ನಡುವೆ ಒಳಗೆ ಸರಿದ ಹಳ್ಳಿಗಳ ಶಾಖಾ ಅಂಚೆ ಕಚೇರಿಗಳನ್ನು ಒಂದೇ ದಿನದಲ್ಲಿ ಮುಗಿಸಬೇಕೆಂದು ಲೆಕ್ಕ ಹಾಕಿದ್ದೆ. ಇವು ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ತೆರೆದಿರುತ್ತವೆ, ಆ ಗಂಟೆಗಳೂ ಊರಿನಿಂದ ಊರಿಗೆ ಬೇರೆಯಾಗುತ್ತವೆ ಎಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ. ಸಂಜೆಗೆ ದಕ್ಕಿದ್ದು ಐದೇ ಮೊಹರು.

ಪ್ರವಾಸಿ ತಾಣಗಳಲ್ಲಿ ಸಿಗುವ ಚಿತ್ರಮೊಹರುಗಳು ನೋಡಲು ಚೆನ್ನ, ಆದರೆ ನನಗೆ ಅವುಗಳ ಮೇಲೆ ಅಷ್ಟು ಮೋಹವಿಲ್ಲ. 1972ರಲ್ಲಿ ಪಿನ್ ಕೋಡ್ ಬಂದಾಗಿನಿಂದ ಬಾಳೆಹೊನ್ನೂರಿಗೆ 577112, ಆಲ್ದೂರಿಗೆ 577111 ಎಂದಿದ್ದರೂ ಸುತ್ತಲಿನ ಸಣ್ಣ ಹಳ್ಳಿಗಳಿಗೆ ಸ್ವಂತದ ಸಂಖ್ಯೆಯಿಲ್ಲ. ಅವು ತಮಗೆ ಟಪಾಲು ಚೀಲ ಕಳಿಸುವ ಕಚೇರಿಯ ಸಂಖ್ಯೆಯನ್ನೇ ಹಂಚಿಕೊಂಡಿವೆ. ಆ ಸಂಖ್ಯೆಯೊಳಗೆ ಕಳೆದುಹೋಗುವ ಊರು ತನ್ನ ಹೆಸರನ್ನು ತಾರೀಖಿನೊಂದಿಗೆ ತಾನೇ ಒತ್ತಿ ಹೊರಗೆ ಕಳಿಸುವುದು ಈ ದುಂಡು ಮೊಹರಿನಲ್ಲಿ ಮಾತ್ರ.

ಮೊದಲ ಕಚೇರಿಗೆ ಬೀಗ ಹಾಕಿತ್ತು. ಇನ್ನೊಂದರಲ್ಲಿ, ಹಾಗೆಲ್ಲ ಕೇಳಿದವರಿಗೆ ಸೀಲು ಹೊಡೆದುಕೊಡಲಾಗುವುದಿಲ್ಲ ಎಂದರು. ಅವರ ಮಾತು ತಪ್ಪೆಂದು ಹೇಳಲಾರೆ, ಮೊಹರು ಎಂಬುದು ದಾಖಲೆಯೇ ತಾನೆ. ಕಾರ್ಡನ್ನು ಕೈಗೆ ವಾಪಸು ಕೇಳುತ್ತಿಲ್ಲ, ಎಲ್ಲರಂತೆ ಟಪಾಲಿಗೇ ಹಾಕುತ್ತಿದ್ದೇನೆ ಎಂದು ವಿವರಿಸುವಷ್ಟರಲ್ಲಿ ಕಿಟಕಿ ಮುಚ್ಚಿಯಾಗಿತ್ತು. ಮತ್ತೊಂದೆಡೆ ಧಾರಾಳವಾಗಿಯೇ ಹೊಡೆದುಕೊಟ್ಟರು, ಆದರೆ ತಾರೀಖು ಬದಲಿಸಿರಲಿಲ್ಲ. ಆ ಕಾರ್ಡಿನ ಪ್ರಕಾರ ನಾನು ಶುಕ್ರವಾರವೇ ಅಲ್ಲಿದ್ದೆ.

ಹನ್ನೊಂದರ ಹೊತ್ತಿಗೆ ತಲುಪಿದ ಊರಿನಲ್ಲಿ ಅಂಚೆ ಕಚೇರಿಯೆಂದರೆ ಹೆಂಚಿನ ಮನೆಯೊಂದರ ಜಗಲಿ. ಒಂದು ಮೇಜು, ಒಂದು ತಕ್ಕಡಿ, ಕಂಬಕ್ಕೆ ನೇತುಹಾಕಿದ ಕೆಂಪು ಡಬ್ಬಿ. ಪೋಸ್ಟ್ ಮಾಸ್ಟರ್ ಐವತ್ತರ ಆಸುಪಾಸಿನ ಹೆಂಗಸು. ಕಾರ್ಡನ್ನು ತಿರುಗಿಸಿ ನೋಡಿ, “ಎಂತಕ್ಕೆ ಸರ್ ಇದು? ನಿಮ್ಮ ಮನೆಗೇ ಹೋಗ್ತದಲ್ಲ?” ಎಂದರು.

“ನಿಮ್ಮೂರಿನ ಹೆಸರು ಇದರ ಮೇಲೆ ಬರುತ್ತಲ್ಲ ಮೇಡಂ, ಅದಕ್ಕೆ.”

ಅವರು ಮೊಹರನ್ನು ಪ್ಯಾಡಿಗೆ ಒತ್ತಿ ಮೊದಲು ಒಂದು ಪುಸ್ತಕದ ಹಾಳೆಯ ಮೇಲೆ ಹೊಡೆದರು. ಮೂಡಿದ್ದು ಒಂದು ಕಪ್ಪು ಬಿಲ್ಲೆ. ಊರಿನ ಹೆಸರಿನ ನಡುವಿನ ಅಕ್ಷರಗಳಲ್ಲಿ ವರ್ಷಗಳ ಶಾಯಿ ಗಟ್ಟಿಯಾಗಿ ಕೂತಿತ್ತು. “ತಡೀರಿ” ಎಂದು ಒಳಗೆ ಹೋಗಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನೂ ಒಂದು ಮುಚ್ಚಳ ಸೀಮೆಎಣ್ಣೆಯನ್ನೂ ತಂದರು. ಲೋಹದ ಮುಖವನ್ನು ಉಜ್ಜಿ, ಅಕ್ಷರಗಳ ಸಂದಿಯಿಂದ ಕರಿಯ ಹಕ್ಕಳೆಗಳನ್ನು ಹೊಲಿಗೆ ಸೂಜಿಯಿಂದ ಕೆದಕಿ ತೆಗೆದು, ಸೆರಗಿಗೆ ತಾಗದಂತೆ ಹಳೆಯ ಪತ್ರಿಕೆಯಿಂದ ಒರೆಸಿದರು. ಟ್ಯೂಬಿನ ತುಂಡಿನ ಮೇಲೆ ಕಾರ್ಡನ್ನಿಟ್ಟು ಈ ಬಾರಿ ಹೊಡೆಯಲಿಲ್ಲ; ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ನಾಲ್ಕೂ ಕಡೆ ತುಸುವೇ ವಾಲಿಸಿ ಎತ್ತಿದರು. ಊರಿನ ಹೆಸರು ಪೂರ್ತಿ ಬಂದಿತ್ತು. ಕೆಳಗೆ ಜಿಲ್ಲೆಯ ಹೆಸರು ಮಾತ್ರ ಇಂಗ್ಲಿಷಿನಲ್ಲಿ ಹಳೆಯ ಚಿಕ್‌ಮಗಳೂರ್ ಆಗಿಯೇ ಇತ್ತು. 2014ರ ನವೆಂಬರ್ 1ರಂದು ಆದ ಕಾಗುಣಿತದ ಬದಲಾವಣೆ ಈ ಜಗಲಿಯನ್ನು ಇನ್ನೂ ಹತ್ತಿರಲಿಲ್ಲ.

“ನಾನೇ ಇದನ್ನ ಇಷ್ಟು ಸರಿಯಾಗಿ ಓದಿರಲಿಲ್ಲ ನೋಡಿ” ಎಂದು ಅವರು ಕಾರ್ಡನ್ನು ದೂರ ಹಿಡಿದು ನೋಡಿದರು. ಅಷ್ಟು ಹೊತ್ತಿಗೆ ಪೇಪರು, ಪಿಂಚಣಿ ಎಂದು ಬಂದಿದ್ದ ಇಬ್ಬರು ಮುದುಕರೂ ಅದನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ನೋಡಿದರು. ಶಾಯಿ ಆರುವುದಕ್ಕೆ ಮೊದಲೇ ಹೆಬ್ಬೆರಳು ತಾಗೀತೆಂದು ನಾನು ಮಾತ್ರ ಉಸಿರು ಬಿಗಿಹಿಡಿದಿದ್ದೆ.

ಮುಂದಿನ ವಾರದಲ್ಲಿ ನಾಲ್ಕು ಕಾರ್ಡುಗಳು ಮನೆಗೆ ಬಂದವು. ಜಗಲಿಯ ಕಾರ್ಡಿನ ಮೇಲೆ ದಾರಿಯಲ್ಲಿ ಇನ್ನೊಂದು ಕಚೇರಿಯ ಮೊಹರು ಅಡ್ಡವಾಗಿ ಬಿದ್ದು ತಾರೀಖು ಅಳಿಸಿಹೋಗಿದೆ, ಊರಿನ ಹೆಸರು ಉಳಿದಿದೆ. ಶುಕ್ರವಾರದ ತಾರೀಖು ಹೊತ್ತ ಕಾರ್ಡು ಇನ್ನೂ ಬಂದಿಲ್ಲ.