ಬುಸಿಯಾದ ಇಲಿದಾರಿ

ಕೀನ್ಯಾ–ಉಗಾಂಡಾ ಗಡಿಯ ಬುಸಿಯಾದಲ್ಲಿ ಚೆಕ್‌ಪೋಸ್ಟ್ ತಪ್ಪಿಸಿ ಹೋಗುವ ಕಾಲುದಾರಿಗಳಿಗೆ ‘ಪನ್ಯಾ’ ಅಂತಾರೆ. ಸ್ವಾಹಿಲಿಯಲ್ಲಿ ಪನ್ಯಾ ಅಂದರೆ ಇಲಿ. ಸುಂಕ ಉಳಿಸೋಕೆ ಜನ ಅಲ್ಲಿ ನುಗ್ಗುತ್ತಾರೆ ಅನ್ನುವುದು ಅರ್ಧ ಸತ್ಯ. ಕೀನ್ಯಾ, ಉಗಾಂಡಾ ಎರಡೂ ಇರುವ ಪೂರ್ವ ಆಫ್ರಿಕಾ ಸಮುದಾಯದ ದೇಶಗಳಲ್ಲೇ ಬೆಳೆದ, ತಯಾರಾದ ಮಾಲಿಗೆ ಅವುಗಳ ನಡುವೆ ಕಸ್ಟಮ್ಸ್ ಸುಂಕವೇ ಇಲ್ಲ.

2,000 ಡಾಲರ್ ಒಳಗಿನ ಮಾಲಿಗೆ, ಅದು ಯಾವ ದೇಶದ್ದೆಂದು ಹೇಳುವ ‘ಸರಳ ಮೂಲ ಪ್ರಮಾಣಪತ್ರ’ ಸಾಕು. ಗಡಿಯಲ್ಲೇ ಸಿಗುತ್ತದೆ, ಪುಕ್ಕಟೆ. ಮಾಲು, ತೂಕ, ಬೆಲೆ ಬರೆದು ಕಸ್ಟಮ್ಸ್ ಮುದ್ರೆ ಹಾಕಿಸಿದರೆ ಆಯಿತು, ಏಜೆಂಟ್ ಬೇಕಿಲ್ಲ. ಎಡವುವುದು ‘ಮೂಲ’ ಅನ್ನುವ ಪದದಲ್ಲಿ. ಕಂಪಾಲಾದಲ್ಲಿ ಕೊಂಡ ಪಾಕಿಸ್ತಾನದ ಅಕ್ಕಿ ಉಗಾಂಡಾದ್ದಾಗುವುದಿಲ್ಲ. ಯುರೋಪಿನಿಂದ ಬಂದ ಹಳೇ ಬಟ್ಟೆಯ ಗಂಟಿಗೂ ಇದೇ ಗತಿ. ಇನ್ನು, ಈ ಕಾಗದ ತೆಗೆಯುವುದು ಕಸ್ಟಮ್ಸ್ ಸುಂಕವನ್ನಷ್ಟೇ. ವ್ಯಾಟ್, ಆರೋಗ್ಯ ತಪಾಸಣೆ ಹಾಗೇ ಉಳಿಯುತ್ತವೆ.

ನಿಜವಾದ ತೊಡಕು ಮೆಕ್ಕೆಜೋಳದಲ್ಲಿದೆ. 2021ರ ಮಾರ್ಚ್‌ನಲ್ಲಿ ಕೀನ್ಯಾವು ಉಗಾಂಡಾ, ಟಾಂಜಾನಿಯಾಗಳ ಮೆಕ್ಕೆಜೋಳವನ್ನು ತಡೆಯಿತು. ಕೆಲವೇ ದಿನಗಳಲ್ಲಿ ತಡೆ ಹೋಯಿತು, ಷರತ್ತು ಉಳಿಯಿತು: ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ 10 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ ಹತ್ತು ಪಾಲು) ಮೀರಬಾರದು. ಅಂದರೆ 90 ಕಿಲೋ ಮೂಟೆಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ! ತೇವಾಂಶ 13.5% ದಾಟಬಾರದು. ಬರೀ ನೆಲದ ಮೇಲೆ ಹರವಿ, ಸಂಜೆ ಹಸಿಯಾಗಿಯೇ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯಿತೆಂದೇ ಲೆಕ್ಕ. ಟಾರ್ಪಾಲಿನ ಮೇಲೆ ಒಣಗಿಸಿ, ನುಚ್ಚು ಮತ್ತು ಬಣ್ಣಗೆಟ್ಟ ಕಾಳು ಆರಿಸಿ ತೆಗೆಯಬೇಕು. ವಿಷ ಎಲ್ಲ ಕಾಳಿಗೂ ಸಮನಾಗಿ ಹರಡುವುದಿಲ್ಲ, ಹಾಗಾಗಿ ಮೇಲಿನಿಂದ ಒಂದು ಹಿಡಿ ತೆಗೆದು ನೋಡಿದರೆ ಏನೂ ಗೊತ್ತಾಗದು. ಮೂಟೆ ಮೂಟೆಗೂ ಸ್ಯಾಂಪಲ್ ತೆಗೆಯುವ ಚೂಪು ಕೊಳವೆ ಚುಚ್ಚಿ, ಮೇಲೆ, ನಡುವೆ, ತಳದಿಂದ ತೆಗೆದು ಕಲಸಬೇಕು.

ಪರೀಕ್ಷೆಯ ಖರ್ಚು ಸ್ಯಾಂಪಲ್ ಲೆಕ್ಕದಲ್ಲಿ ಬೀಳುತ್ತದೆ, ಮೂಟೆ ಲೆಕ್ಕದಲ್ಲಲ್ಲ. ಮೂವತ್ತು ಟನ್ನಿನ ಲಾರಿಗೆ ಅದು ಲೆಕ್ಕಕ್ಕೇ ಬಾರದು. ಸೈಕಲ್ ಮೇಲೆ ಎರಡು ಮೂಟೆ ಹೇರಿಕೊಂಡು ಬಂದ ಹೆಂಗಸಿಗೆ ಲಾಭವೆಲ್ಲ ಅಲ್ಲೇ ಸೋರಿಹೋಗುತ್ತದೆ. 2018ರಲ್ಲಿ ಉದ್ಘಾಟನೆಯಾದ, ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಕೂರುವ ಗಡಿಕಟ್ಟೆ ಲಾರಿಗಳ ಸಾಲನ್ನು ಕರಗಿಸಬಲ್ಲದು, ಈ ಲೆಕ್ಕವನ್ನಲ್ಲ.

ಹತ್ತು ಜನ ಸೇರಿ ಒಂದೇ ಲೋಡ್ ಮಾಡಿದರೆ ಖರ್ಚು ಹಂಚಿಹೋಗುತ್ತದೆ, ನಿಜ. ಆದರೆ ಬೆಲೆ 2,000 ಡಾಲರ್ ದಾಟಿದರೆ ಸರಳ ಕಾಗದ ನಡೆಯದು. ಅದೂ ಅಲ್ಲದೆ ಒಬ್ಬರ ಹಸಿ ಮೂಟೆ ಕಲಸಿದ ಸ್ಯಾಂಪಲ್‌ಗೆ ಬಿತ್ತೋ, ಹತ್ತೂ ಜನರ ಮಾಲು ವಾಪಸ್.